ಹಳದಿ ದೀಪ ಹತ್ತೋದು ಯಾರಿಗಾಗಿ? ಚೆಕ್ ಎಂಜಿನ್ ಲೈಟ್‌ನ ಕತೆ

 

ಕಾರಿನ ಕೀ ತಿರುಗಿಸಿದ ತಕ್ಷಣ ಡ್ಯಾಶ್‌ಬೋರ್ಡ್ ಮೇಲೆ ಒಂದಷ್ಟು ದೀಪ ಹತ್ತುತ್ತವೆ. ಎಂಜಿನ್ ಸ್ಟಾರ್ಟ್ ಆದಮೇಲೆ ಒಂದೊಂದಾಗಿ ಆರಿಹೋಗುತ್ತವೆ. ಅದರಲ್ಲಿ ಒಂದು ಹಳದಿ ಬಣ್ಣದ್ದು. ಅದು ಎಂಜಿನ್ ಚಿತ್ರ ಅಂತಾರೆ. ನನ್ನ ಕಣ್ಣಿಗೆ ಆಮೆ ಥರ ಕಾಣುತ್ತೆ. ಮದ್ದೂರಿನ ನಮ್ಮ ಚಿಕ್ಕಮ್ಮನ ಪ್ರಕಾರ ಅದು ಗದ್ದೆ ಬದಿಯ ಹಳೇ ಪಂಪ್‌ಸೆಟ್. ಏನೇ ಇರಲಿ, ಆರಬೇಕಾದ ಆ ದೀಪ ಓಡೋ ದಾರಿಯಲ್ಲಿ ಮತ್ತೆ ಹತ್ತಿತು ಅಂದ್ರೆ ಕಾರಲ್ಲಿ ಕೂತ ಎಲ್ಲರ ಮಾತು ನಿಂತುಹೋಗುತ್ತೆ. 'ಎಂಜಿನ್ ಹೋಯ್ತಾ?' ಅನ್ನೋದು ಮೊದಲ ಪ್ರಶ್ನೆ. 'ಎಷ್ಟು ಖರ್ಚಾಗುತ್ತೆ?' ಅನ್ನೋದು ಎರಡನೇದು.

ಇವತ್ತಿನ ಸಂಚಿಕೆ ಆ ದೀಪದ ಇತಿಹಾಸ. ನಾನು ಓದಿದ್ದು ಬಿ.ಕಾಂ. ಎಂಜಿನ್ ಬಿಚ್ಚೋ ವಿದ್ಯೆ ನನ್ನದಲ್ಲ. ಆದರೆ ಈ ದೀಪದ ಕತೆ ಒಂದು ರೀತಿಯಲ್ಲಿ ಕಾಮರ್ಸ್ ಕತೆಯೇ. ಯಾಕಂದ್ರೆ ಇದನ್ನು ಕಾನೂನು ಕಡ್ಡಾಯ ಮಾಡಿದ್ದು ನಿಮ್ಮ ಎಂಜಿನ್ ಉಳಿಸೋಕೆ ಅಂತ ಅಲ್ಲ. ನಿಮ್ಮ ಕಾರಿನ ಹಿಂದೆ ನಿಂತು ಉಸಿರಾಡುವವರನ್ನು ಉಳಿಸೋಕೆ. ಇದು ಗೊತ್ತಿದ್ದರೆ ದೀಪ ಹತ್ತಿದಾಗ ಏನು ಮಾಡಬೇಕು ಅನ್ನೋದೂ ಅರ್ಥ ಆಗುತ್ತೆ. ಕತೆ ಅಮೆರಿಕದಲ್ಲಿ ಶುರುವಾಗಿ ಮದ್ದೂರಿನ ಸರ್ವೀಸ್ ರೋಡಿಗೆ ಬರುತ್ತೆ. ಸ್ವಲ್ಪ ತಾಳ್ಮೆ ಇರಲಿ.

ಕಣ್ಣುರಿಯ ಊರು

1943ರ ಜುಲೈ. ಎರಡನೇ ಮಹಾಯುದ್ಧ ನಡೀತಿತ್ತು. ಅಮೆರಿಕದ ಲಾಸ್ ಏಂಜಲೀಸ್ ನಗರದ ಮೇಲೆ ಹಾಡಹಗಲೇ ಮಬ್ಬು ಕವಿಯಿತು. ಜನರ ಕಣ್ಣು ಉರಿಯಿತು, ಗಂಟಲು ಕೆರೆಯಿತು. ಜಪಾನಿನವರು ವಿಷಾನಿಲ ಬಿಟ್ಟಿದ್ದಾರೆ ಅಂತಲೇ ಕೆಲವರು ನಂಬಿದರು. ಆಮೇಲೆ ಊರಿನ ಒಂದು ರಾಸಾಯನಿಕ ಕಾರ್ಖಾನೆ ಮೇಲೆ ಅನುಮಾನ ಬಂತು, ಅದನ್ನು ನಿಲ್ಲಿಸಿದರು. ಮಬ್ಬು ಮಾತ್ರ ಹೋಗಲಿಲ್ಲ.

ಉತ್ತರ ಸಿಕ್ಕಿದ್ದು ಕೆಲವು ವರ್ಷಗಳ ನಂತರ, ಅನಾನಸ್ ಹಣ್ಣಿನ ರುಚಿಯ ಮೇಲೆ ಸಂಶೋಧನೆ ಮಾಡ್ತಿದ್ದ ವಿಜ್ಞಾನಿಯೊಬ್ಬರಿಂದ. ಹೆಸರು ಏರಿ ಹಾಗೆನ್-ಸ್ಮಿತ್. ನೆದರ್ಲೆಂಡ್ಸ್‌ನಲ್ಲಿ ಹುಟ್ಟಿ ಕ್ಯಾಲ್‌ಟೆಕ್‌ನಲ್ಲಿ ಪಾಠ ಮಾಡ್ತಿದ್ದವರು. ಹಣ್ಣಿನ ಪರಿಮಳ ಹಿಡಿಯೋ ವಿಧಾನದಲ್ಲೇ ಊರಿನ ಗಾಳಿಯನ್ನೂ ಹಿಡಿದು ನೋಡಿದರು. ಸರಿಯಾಗಿ ಉರಿಯದ ಪೆಟ್ರೋಲ್ ಆವಿ ಮತ್ತು ನೈಟ್ರೋಜನ್ ಆಕ್ಸೈಡ್‌ಗಳು ಬಿಸಿಲಿನಲ್ಲಿ ಸೇರಿ ಓಝೋನ್ ಆಗ್ತವೆ, ಈ ಮಬ್ಬಿನ ಮೂಲ ಅದೇ ಅಂತ 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. ಅಂದ್ರೆ ಶತ್ರು ಜಪಾನಿನಿಂದ ಬಂದಿರಲಿಲ್ಲ. ಪ್ರತಿ ಮನೆಯ ಮುಂದೆ ನಿಂತಿದ್ದ ಕಾರೇ ದೊಡ್ಡ ಅಪರಾಧಿ. ಕಾರು ಕಂಪನಿಗಳು ಇದನ್ನು ಸುಲಭಕ್ಕೆ ಒಪ್ಪಲಿಲ್ಲ. ಆದರೂ 1967ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ವಾಯು ಸಂಪನ್ಮೂಲ ಮಂಡಳಿ ಅಂತ ಒಂದು ಸಂಸ್ಥೆ ಕಟ್ಟಿತು. ಅದರ ಮೊದಲ ಅಧ್ಯಕ್ಷರು ಇದೇ ಹಾಗೆನ್-ಸ್ಮಿತ್.

1975ರ ಮಾಡೆಲ್‌ಗಳಿಂದ ಅಮೆರಿಕದ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಬಂತು. ಸೈಲೆನ್ಸರ್ ಪೈಪಿನ ನಡುವೆ ಇರೋ ಡಬ್ಬ ಅದು. ಒಳಗೆ ಜೇನುಗೂಡಿನಂಥ ತೂತುಗಳು, ಅವಕ್ಕೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಥರದ ದುಬಾರಿ ಲೋಹಗಳ ತೆಳು ಲೇಪ. ವಿಷದ ಹೊಗೆ ಅದರೊಳಗೆ ಹಾದು ಹೋಗುವಾಗ ಬಹುಪಾಲು ನಿರಪಾಯದ ಅನಿಲವಾಗಿ ಬದಲಾಗುತ್ತೆ.

ಆದರೆ ಆ ಡಬ್ಬಕ್ಕೆ ಒಂದು ಹಟ ಇದೆ. ಎಂಜಿನ್‌ಗೆ ಹೋಗೋ ಗಾಳಿ ಮತ್ತು ಪೆಟ್ರೋಲ್ ಪ್ರಮಾಣ ಸರಿಯಾಗಿರಬೇಕು. ತೂಕದ ಲೆಕ್ಕದಲ್ಲಿ 1 ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ. ಹಳೇ ಕಾರ್ಬ್ಯುರೇಟರ್‌ಗೆ ಇಷ್ಟು ನಿಖರತೆ ಸಾಧ್ಯ ಇರಲಿಲ್ಲ. ಅದಕ್ಕೇ ಪೈಪಿನಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಅಂತ ನೋಡಿ ಹೇಳೋ ಸೆನ್ಸರ್ ಬೇಕಾಯಿತು. 1976ರಲ್ಲಿ ಬಾಷ್ ಕಂಪನಿ ಅದನ್ನು ತಯಾರಿಸಿತು, ಅಮೆರಿಕಕ್ಕೆ ಹೋಗ್ತಿದ್ದ ವೋಲ್ವೊ ಕಾರುಗಳಲ್ಲಿ ಅದು ಮೊದಲು ಬಂತು. ಬೆಂಗಳೂರಿನ ಆಡುಗೋಡಿಯ ಹಳಬರಿಗೆ ಮೈಕೊ ಅಂತ ಗೊತ್ತಿರೋ ಕಾರ್ಖಾನೆ ಇದೆಯಲ್ಲ, ಅದೇ ಬಾಷ್. ಸೆನ್ಸರ್ ಬಂದಮೇಲೆ ಅದು ಹೇಳಿದ್ದನ್ನು ಕೇಳಿ ಲೆಕ್ಕ ಹಾಕೋಕೆ ಕಂಪ್ಯೂಟರ್ ಬಂತು. ಕಂಪ್ಯೂಟರ್ ಬಂದಮೇಲೆ ಅದಕ್ಕೊಂದು ಬಾಯಿ ಬೇಕಾಯಿತು. ಆ ಬಾಯಿಯೇ ನಮ್ಮ ಹಳದಿ ದೀಪ.

ದೀಪಕ್ಕೊಂದು ಭಾಷೆ

1981ರ ಹೊತ್ತಿಗೆ ಅಮೆರಿಕದ ಜನರಲ್ ಮೋಟರ್ಸ್ ಕಂಪನಿ ತನ್ನ ಕಾರುಗಳಲ್ಲಿ ಇಂಥ ಕಂಪ್ಯೂಟರ್ ಮತ್ತು ಚೆಕ್ ಎಂಜಿನ್ ದೀಪ ಎರಡನ್ನೂ ಇಟ್ಟಿತ್ತು. ಆಗ ದೋಷ ತಿಳಿಯೋ ವಿಧಾನ ಮಜವಾಗಿತ್ತು. ಮೆಕ್ಯಾನಿಕ್ ಒಂದು ಪಿನ್ನಿಂದ ಇನ್ನೊಂದು ಪಿನ್ನಿಗೆ ತಂತಿ ಮುಟ್ಟಿಸಬೇಕು. ದೀಪ ಒಂದು ಸಲ ಮಿಣುಕಿ, ನಿಂತು, ಮತ್ತೆ ಎರಡು ಸಲ ಮಿಣುಕಿದರೆ ಅದು 12ನೇ ನಂಬರ್ ಕೋಡ್. ಪುಸ್ತಕ ತೆಗೆದು ಅರ್ಥ ನೋಡಬೇಕು.

1988ರ ಮಾಡೆಲ್‌ಗಳಿಂದ ಕ್ಯಾಲಿಫೋರ್ನಿಯಾದ ಮಂಡಳಿ ಇದನ್ನು ಕಡ್ಡಾಯ ಮಾಡಿತು. ಹೊಗೆ ನಿಯಂತ್ರಿಸುವ ವ್ಯವಸ್ಥೆ ಕೆಟ್ಟರೆ ಕಾರೇ ಅದನ್ನು ಗುರುತಿಸಿ ಚಾಲಕನಿಗೆ ಹೇಳಬೇಕು. ಇದಕ್ಕೆ ಆನ್‌ಬೋರ್ಡ್ ಡಯಾಗ್ನಾಸ್ಟಿಕ್ಸ್, ಚಿಕ್ಕದಾಗಿ ಒಬಿಡಿ ಅಂತ ಹೆಸರು. ಮೊದಲ ಹಂತದಲ್ಲಿ ಒಂದು ತೊಂದರೆ ಇತ್ತು. ಒಂದೊಂದು ಕಂಪನಿದು ಒಂದೊಂದು ಪ್ಲಗ್, ಒಂದೊಂದು ಭಾಷೆ. ಕಂಪನಿಯ ಸರ್ವೀಸ್ ಸೆಂಟರ್ ಬಿಟ್ಟರೆ ಬೇರೆಯವರಿಗೆ ಕಷ್ಟ. 1990ರಲ್ಲಿ ಅಮೆರಿಕದ ಶುದ್ಧ ಗಾಳಿ ಕಾಯ್ದೆಗೆ ತಿದ್ದುಪಡಿ ತಂದಾಗ, ಸ್ವತಂತ್ರ ಗ್ಯಾರೇಜಿನವರಿಗೂ ಈ ಮಾಹಿತಿ ಸಿಗಬೇಕು ಅಂತ ಬರೆದರು. 1996ರಿಂದ ಅಲ್ಲಿ ಮಾರುವ ಎಲ್ಲ ಹೊಸ ಕಾರುಗಳಿಗೂ ಎರಡನೇ ಹಂತದ ಒಬಿಡಿ ಬಂತು. ಸ್ಟೀರಿಂಗ್ ಹತ್ತಿರ, ಕೈಗೆಟುಕುವಲ್ಲಿ 16 ಪಿನ್ನಿನ ಒಂದೇ ಆಕಾರದ ಪ್ಲಗ್. ಎಲ್ಲ ಕಂಪನಿಗೂ ಒಂದೇ ಥರದ ಕೋಡ್‌ಗಳು. ಯುರೋಪ್‌ನಲ್ಲಿ ಪೆಟ್ರೋಲ್ ಕಾರುಗಳಿಗೆ 2001ರಲ್ಲಿ ಕಡ್ಡಾಯವಾಯಿತು.

ಈ ಪ್ಲಗ್ಗಿನ ಮಹತ್ವ ಚಿಕ್ಕದಲ್ಲ. ಇವತ್ತು ಮಳವಳ್ಳಿಯ ಒಂದು ಸಣ್ಣ ಶೆಡ್ಡಿನಲ್ಲಿ ಕೆಲಸ ಮಾಡೋ ಹುಡುಗ ಯಾವ ಕಂಪನಿ ಕಾರು ಬಂದರೂ ಅಂಗೈ ಅಗಲದ ಯಂತ್ರ ಚುಚ್ಚಿ ಕೋಡ್ ಓದ್ತಾನಲ್ಲ, ಆ ಶಕ್ತಿ ಬಂದಿದ್ದು ಈ ನಿಯಮದಿಂದ.

ಇನ್ನೊಂದು ಮಾತು. ಅಮೆರಿಕದ ನಿಯಮದಲ್ಲಿ ದೀಪ ಯಾವಾಗ ಹತ್ತಬೇಕು ಅನ್ನೋದಕ್ಕೆ ಅಳತೆ ಏನು ಗೊತ್ತಾ? ಎಂಜಿನ್ ಎಷ್ಟು ಸವೆದಿದೆ ಅಂತಲ್ಲ. ಹೊಗೆ ನಿಗದಿತ ಮಿತಿಯ ಸುಮಾರು ಒಂದೂವರೆ ಪಟ್ಟು ದಾಟುವಂಥ ದೋಷ ಇದೆಯಾ ಅಂತ. ಬಿ.ಕಾಂ ಓದಿದವರಿಗೆ ಇದು ಬೇಗ ಹೊಳೆಯುತ್ತೆ. ಆಡಿಟರ್ ನಿಮ್ಮ ಆಫೀಸಲ್ಲೇ ಕೂತು, ನಿಮ್ಮ ಕಾಫಿ ಕುಡಿದು, ನಿಮ್ಮಿಂದಲೇ ಫೀಸ್ ತಗೊಂಡು ಲೆಕ್ಕ ನೋಡ್ತಾನೆ. ಆದರೆ ಅವನ ವರದಿ ಇರೋದು ಹೊರಗಿನವರಿಗಾಗಿ. ಈ ದೀಪ ಕಾರಿನೊಳಗೆ ಕೂತ ಆಡಿಟರ್.

ಮದ್ದೂರಿನ ಸರ್ವೀಸ್ ರೋಡ್

ಹೋದ ಮಳೆಗಾಲದಲ್ಲಿ ಕಾವೇರಿ ತುಂಬಿ ಹರೀತಿದ್ದಾಗ ಮಂಡ್ಯದಿಂದ ಮಾವನ ಕಾರಲ್ಲಿ ಹೊರಟ್ವಿ. ಮದ್ದೂರಲ್ಲಿ ಚಿಕ್ಕಮ್ಮನನ್ನು ಹತ್ತಿಸಿಕೊಂಡು, ಮಳವಳ್ಳಿ ಮೇಲೆ ಶಿವನಸಮುದ್ರಕ್ಕೆ ಹೋಗಿ ಗಗನಚುಕ್ಕಿ ನೋಡೋ ಪ್ಲ್ಯಾನ್. 2018ರ ಪೆಟ್ರೋಲ್ ಕಾರು. ಮದ್ದೂರು ಹತ್ತಿರ ಬರುವಾಗ ಹಳದಿ ದೀಪ ಹತ್ತಿತು. ಮಿಣುಕಲಿಲ್ಲ, ಸುಮ್ಮನೆ ಉರೀತಾ ಇತ್ತು. ಶಬ್ದ ಬದಲಾಗಿರಲಿಲ್ಲ, ಎಳೆತ ಕಡಿಮೆ ಆಗಿರಲಿಲ್ಲ, ಟೆಂಪರೇಚರ್ ಮುಳ್ಳು ತನ್ನ ಜಾಗದಲ್ಲೇ ಇತ್ತು.

ಸರ್ವೀಸ್ ರೋಡಿನ ಒಂದು ಗ್ಯಾರೇಜಲ್ಲಿ ನಿಲ್ಲಿಸಿದ್ವಿ. ಮೆಕ್ಯಾನಿಕ್ ಸ್ಕ್ಯಾನರ್ ಚುಚ್ಚಿ ನೋಡಿದ. ಪಿ0420.

'ಗಾಡಿ ಎಳೀತದಾ ಚೆನ್ನಾಗಿ?' ಅಂತ ಕೇಳಿದ.

'ಎಳೀತದೆ ಕನಪ್ಪ,' ಅಂದ್ರು ಮಾವ.

'ಮೈಲೇಜು?'

'ಅದೂ ಹಂಗೇ ಅದೆ.'

'ಇನ್ನೇನ್ ಬುಡಿ ಅಣ್ಣ, ಡಿಲೀಟ್ ಮಾಡ್ಬುಡ್ತೀನಿ, ದೀಪ ಹೋಯ್ತದೆ. ತಿರ್ಗ ಬಂದ್ರೆ ಆ ಡಬ್ಬನೇ ಬಿಚ್ಚಾಕಿ ನೇರ ಪೈಪ್ ಹಾಕ್ಬುಡದು. ಡಬ್ಬಕ್ಕೆ ರೇಟೂ ಬತ್ತದೆ.'

'ಅದ್ರಿಂದ ನಮ್ಗೇನಾರ ಲುಕ್ಸಾನಾ?' ಮಾವ ಕೇಳಿದರು.

'ನಿಮ್ಗೇನಿಲ್ಲ ಕನಣ್ಣ.'

ಆ ಮನುಷ್ಯ ಮೋಸ ಮಾಡ್ತಿರಲಿಲ್ಲ. ಡಿಲೀಟ್ ಮಾಡಿಸಿದರೆ ನಮಗೆ ಅವತ್ತಿಗೆ ನಿಜವಾಗಲೂ ಏನೂ ಆಗ್ತಿರಲಿಲ್ಲ. ಪಿ0420 ಅಂದರೆ ಕ್ಯಾಟಲಿಟಿಕ್ ಕನ್ವರ್ಟರ್ ತನ್ನ ಕೆಲಸ ಸರಿಯಾಗಿ ಮಾಡ್ತಿಲ್ಲ ಅನ್ನೋ ಅನುಮಾನ. ಡಬ್ಬದ ಮುಂದೆ ಒಂದು ಸೆನ್ಸರ್, ಹಿಂದೆ ಇನ್ನೊಂದು. ಮುಂದಿನದು ಹೇಳೋದನ್ನೇ ಹಿಂದಿನದೂ ಹೇಳ್ತಿದ್ದರೆ ನಡುವಿನ ಡಬ್ಬ ಹೊಗೆಯನ್ನು ಬದಲಾಯಿಸುತ್ತಿಲ್ಲ ಅಂತ ಕಂಪ್ಯೂಟರ್ ಲೆಕ್ಕ ಹಾಕುತ್ತೆ. ಇದರಿಂದ ಸ್ಟೀರಿಂಗ್ ಹಿಡಿದವನಿಗೆ ಗೊತ್ತಾಗುವಂಥದ್ದು ಏನೂ ಇಲ್ಲ. ಗಾಜು ಏರಿಸಿ ಎಸಿ ಹಾಕಿ ಕೂತಿರ್ತೀವಿ. ಹೊಗೆ ಹೋಗೋದು ಹಿಂದಕ್ಕೆ.

ಹಿಂದೆ ಯಾರಿದ್ದಾರೆ? ಮದ್ದೂರು ಎಳನೀರು ಮಾರುಕಟ್ಟೆಗೆ ಹೆಸರಾದ ಊರು. ರಸ್ತೆ ಬದಿ ಎಳನೀರು ರಾಶಿ ಹಾಕ್ಕೊಂಡು ಬೆಳಿಗ್ಗೆಯಿಂದ ಸಂಜೆವರೆಗೂ ನಿಲ್ಲುವವರು ಇದ್ದಾರೆ. ಬಸ್ಸಿಗೆ ಕಾಯೋ ಹೈಸ್ಕೂಲ್ ಮಕ್ಕಳಿದ್ದಾರೆ. ಹೆಲ್ಮೆಟ್ಟಿನೊಳಗೆ ಕೆಮ್ಮುತ್ತಾ ಬರೋ ಬೈಕಿನವರಿದ್ದಾರೆ. ಅರ್ಥಶಾಸ್ತ್ರದಲ್ಲಿ ಇದಕ್ಕೆ ಬಾಹ್ಯ ವೆಚ್ಚ ಅಂತಾರೆ. ಲಾಭ ಒಬ್ಬರದು, ಖರ್ಚು ಇನ್ನೊಬ್ಬರದು, ಬಿಲ್ಲು ಮಾತ್ರ ಯಾರ ಹೆಸರಲ್ಲೂ ಇರಲ್ಲ. ಎಕ್ಸಾಮಿನಲ್ಲಿ ಐದು ಮಾರ್ಕ್ಸಿಗೆ ಬರೆದಿದ್ದ ಪದದ ಅರ್ಥ ನನಗೆ ಪೂರ್ತಿ ಆಗಿದ್ದು ಆ 'ನಿಮ್ಗೇನಿಲ್ಲ' ಅನ್ನೋ ಮಾತಲ್ಲಿ.

ಡಿಲೀಟ್ ಬೇಡ ಅಂದ್ವಿ. ಕೋಡನ್ನು ಮೊಬೈಲಲ್ಲಿ ಫೋಟೊ ತಗೊಂಡು, ಸ್ಕ್ಯಾನ್ ಮಾಡಿದ್ದಕ್ಕೆ ದುಡ್ಡು ಕೊಟ್ಟು, ಕೆ.ಎಂ. ದೊಡ್ಡಿ ಮೇಲೆ ನಿಧಾನವಾಗಿ ಮಳವಳ್ಳಿಗೆ ಹೋದ್ವಿ. ಗಗನಚುಕ್ಕಿ ನೋಡಿದ್ವಿ. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಗಿದ್ದು ಇಲ್ಲಿಂದಲೇ ಅಂತ ಚಿಕ್ಕಮ್ಮನಿಗೆ ಹೇಳಿದೆ. 'ನಮ್ಮೂರ್ ಕಡೆ ನೀರು, ಅವ್ರೂರಲ್ಲಿ ದೀಪ' ಅಂದ್ರು.

ಮುಂದಿನ ವಾರ ಮಂಡ್ಯದ ಇನ್ನೊಂದು ಗ್ಯಾರೇಜಲ್ಲಿ ಕಾರು ಎತ್ತಿ ನೋಡಿದಾಗ ಕನ್ವರ್ಟರ್ ಚೆನ್ನಾಗೇ ಇತ್ತು. ಸೈಲೆನ್ಸರ್ ಪೈಪಿನ ಜಾಯಿಂಟಿನಲ್ಲಿ ಗ್ಯಾಸ್ಕೆಟ್ ಹೋಗಿ, ಹೊರಗಿನ ಗಾಳಿ ಒಳಗೆ ನುಗ್ಗಿ ಸೆನ್ಸರ್ ದಾರಿ ತಪ್ಪಿತ್ತು. ಗ್ಯಾಸ್ಕೆಟ್ ಬದಲಾಯಿಸಿದರು. ಹೊಸ ಕನ್ವರ್ಟರ್ ಹಾಕಿಸಿದ್ದರೆ ಹತ್ತಾರು ಸಾವಿರ ಆಗ್ತಿತ್ತು, ಇದು ನೂರರ ಲೆಕ್ಕದಲ್ಲಿ ಮುಗೀತು. ಕೆಲವು ಸಲ ಓಡಿಸಿದ ಮೇಲೆ ದೀಪ ತಾನಾಗೇ ಆರಿತು. ದೋಷ ಹೋದಮೇಲೆ ಸತತ ಮೂರು ಸಲ ಪರೀಕ್ಷೆ ಪಾಸಾದರೆ ದೀಪ ಆರಬೇಕು ಅನ್ನೋದು ಒಬಿಡಿಯ ರೂಢಿ.

ಇಲ್ಲಿ ಗಮನಿಸಬೇಕಾದ್ದು ಇದು. ಕೋಡ್ ಹೇಳೋದು ಕಂಪ್ಯೂಟರ್ ಏನು ನೋಡಿತು ಅಂತ ಮಾತ್ರ. ಯಾವ ಪಾರ್ಟ್ ಬದಲಾಯಿಸಬೇಕು ಅಂತ ಅದು ಹೇಳಲ್ಲ. ದೋಷ ಕಂಡ ಕ್ಷಣದಲ್ಲಿ ಕಾರಿನ ವೇಗ ಎಷ್ಟಿತ್ತು, ಎಂಜಿನ್ ಎಷ್ಟು ಬಿಸಿ ಇತ್ತು ಅನ್ನೋದನ್ನೂ ಅದು ಬರೆದಿಟ್ಟಿರುತ್ತೆ. ಡಿಲೀಟ್ ಒತ್ತಿದರೆ ಆ ಸಾಕ್ಷಿಯೂ ಅಳಿಸಿಹೋಗುತ್ತೆ. ಲೆಕ್ಕದ ಪುಸ್ತಕದಲ್ಲಿ ತಪ್ಪಿದ್ದ ಪುಟವನ್ನೇ ಹರಿದು ಹಾಕಿದಂತೆ.

ನಮ್ಮ ದೇಶಕ್ಕೆ ಬಂದ ದಾರಿ

ಈ ದೀಪ ಭಾರತಕ್ಕೆ ಬಂದಿದ್ದರಲ್ಲಿ ಕೋರ್ಟಿನ ಪಾಲು ದೊಡ್ಡದು. 1985ರಲ್ಲಿ ವಕೀಲ ಎಂ.ಸಿ. ಮೆಹ್ತಾ ದಿಲ್ಲಿಯ ವಾಹನಗಳ ಹೊಗೆ ವಿರುದ್ಧ ಸುಪ್ರೀಂ ಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. ಅದು ವರ್ಷಗಟ್ಟಲೆ ನಡೆಯಿತು. 1995ರ ಏಪ್ರಿಲ್‌ನಿಂದ ದಿಲ್ಲಿ, ಮುಂಬೈ, ಕೋಲ್ಕತ್ತ, ಚೆನ್ನೈಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯವಾಯಿತು. ಆ ಪಟ್ಟಿಯಲ್ಲಿ ಬೆಂಗಳೂರು ಇರಲಿಲ್ಲ. ಸೀಸ ಬೆರೆಸಿದ ಪೆಟ್ರೋಲ್ ಹಾಕಿದರೆ ಕನ್ವರ್ಟರ್ ಸತ್ತುಹೋಗುತ್ತೆ. ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಬಂದಿದ್ದು 2000ದ ಫೆಬ್ರುವರಿಯಲ್ಲಿ. 1999ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ದಿಲ್ಲಿ ಪ್ರದೇಶಕ್ಕೆ ಯೂರೊ ಮಾನದಂಡಗಳನ್ನು ಗಡುವು ಹಾಕಿ ತಂದಿತು. ಅಲ್ಲಿಂದ ಮುಂದೆ ಭಾರತ್ ಸ್ಟೇಜ್, ಅಂದ್ರೆ ಬಿಎಸ್ ಅಂತ ನಾವು ಕರೆಯೋ ಮೆಟ್ಟಿಲುಗಳು.

2010ರಲ್ಲಿ ಬಿಎಸ್-4 ಬಂತು, ಆದರೆ ಮೊದಲು 13 ನಗರಗಳಿಗೆ ಮಾತ್ರ. ಈ ಸಲ ಬೆಂಗಳೂರು ಪಟ್ಟಿಯಲ್ಲಿತ್ತು. ಉಳಿದ ಕಡೆ, ಮಂಡ್ಯ ಜಿಲ್ಲೆ ಸೇರಿ, ಬಿಎಸ್-3. ಒಂದೇ ಹೆದ್ದಾರಿಯ ಆ ತುದಿಗೆ ಒಂದು ನಿಯಮ, ಈ ತುದಿಗೆ ಇನ್ನೊಂದು. ಶ್ವಾಸಕೋಶ ಮಾತ್ರ ಎರಡೂ ಕಡೆ ಒಂದೇ ಥರದ್ದು. ಬಿಎಸ್-4 ಕಾರುಗಳಿಗೆ 2010ರಿಂದ ಮೊದಲ ಹಂತದ ಒಬಿಡಿ, 2013ರ ಏಪ್ರಿಲ್‌ನಿಂದ ಎರಡನೇ ಹಂತದ್ದು. 2017ರ ಏಪ್ರಿಲ್ 1ಕ್ಕೆ ಇಡೀ ದೇಶಕ್ಕೆ ಬಿಎಸ್-4. ಆಗಿನ ಮಾರ್ಚ್ ಕೊನೆಯ ಎರಡು ದಿನ ಶೋರೂಮ್‌ಗಳ ಮುಂದೆ ಜಾತ್ರೆ ಆಗಿದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಬಿಎಸ್-3 ಗಾಡಿ ಇನ್ನು ಮಾರುವ ಹಾಗಿಲ್ಲ ಅಂತ ಮಾರ್ಚ್ 29ರಂದು ಸುಪ್ರೀಂ ಕೋರ್ಟ್ ಹೇಳಿತು, ಕಂಪನಿಗಳು ಬೈಕ್‌ಗಳ ಮೇಲೆ ಸಾವಿರಾರು ರೂಪಾಯಿ ಡಿಸ್ಕೌಂಟ್ ಕೊಟ್ಟವು, ಜನ ಮುಗಿಬಿದ್ದರು.

2020ರ ಏಪ್ರಿಲ್‌ನಿಂದ ನೇರವಾಗಿ ಬಿಎಸ್-6. ಐದನೇ ಮೆಟ್ಟಿಲನ್ನೇ ಹಾರಿಬಿಟ್ವಿ. ಆಗಿನಿಂದ ನಿಮ್ಮ ಸ್ಕೂಟರ್, ಬೈಕ್ ಮೀಟರ್‌ನಲ್ಲೂ ಅದೇ ಹಳದಿ ಚಿತ್ರ ಇದೆ. ಕಾರಿಲ್ಲದವರಿಗೆ ಈ ಸಂಚಿಕೆ ಯಾಕೆ ಅಂದ್ಕೋತಿದ್ದರೆ, ಉತ್ತರ ನಿಮ್ಮ ಹ್ಯಾಂಡಲ್ ಮುಂದೆಯೇ ಇದೆ.

ಕಬ್ಬು, ಪೆಟ್ರೋಲ್, ಸೆನ್ಸರ್

ಮಂಡ್ಯದ ಮಾತು ಬಂದಮೇಲೆ ಕಬ್ಬಿನ ಮಾತು ಬಿಡೋಕಾಗಲ್ಲ. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ, ನಮ್ಮ ಬಾಯಲ್ಲಿ ಮೈಶುಗರ್, ಮಂಡ್ಯದಲ್ಲಿ ಶುರುವಾಯಿತು. ಕೆಆರ್‌ಎಸ್ ನಾಲೆಯ ನೀರು, ಕಬ್ಬು, ಸಕ್ಕರೆ ಅಂತ ಈ ಜಿಲ್ಲೆಯ ಬದುಕೇ ಅದರ ಸುತ್ತ ಬೆಳೆಯಿತು. ಕೆ.ಎಂ. ದೊಡ್ಡಿಯಲ್ಲೂ ಸಕ್ಕರೆ ಕಾರ್ಖಾನೆ ಇದೆ. ಕಟಾವಿನ ಕಾಲದಲ್ಲಿ ಆ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಕೊಂಡವರಿಗೆ ತಾಳ್ಮೆ ಏನು ಅಂತ ಗೊತ್ತು.

ಕಬ್ಬಿನಿಂದ ಎಥೆನಾಲ್ ಮಾಡಬಹುದು, ಅದನ್ನು ಪೆಟ್ರೋಲಿಗೆ ಬೆರೆಸಬಹುದು. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ನಡೆದ ಕಾರ್ಯಕ್ರಮದಲ್ಲಿ ಶೇ 20ರಷ್ಟು ಎಥೆನಾಲ್ ಇರೋ ಪೆಟ್ರೋಲ್ ಬಿಡುಗಡೆ ಆಯಿತು. ಎಥೆನಾಲ್‌ನೊಳಗೇ ಆಮ್ಲಜನಕ ಇರುತ್ತೆ, ಮತ್ತೆ ಅದರ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಹಾಗಾಗಿ ಅದೇ ಗಾಳಿಗೆ ಸ್ವಲ್ಪ ಜಾಸ್ತಿ ಇಂಧನ ಬೇಕು. ಇದನ್ನು ನೀವು ಗಮನಿಸಲ್ಲ, ಆದರೆ ಪೈಪಿನಲ್ಲಿರೋ ಆಮ್ಲಜನಕದ ಸೆನ್ಸರ್ ಗಮನಿಸುತ್ತೆ. ಕಂಪ್ಯೂಟರ್‌ಗೆ ಹೇಳುತ್ತೆ, ಅದು ಇಂಧನ ಹೆಚ್ಚಿಸಿ ಸರಿದೂಗಿಸುತ್ತೆ. ಎಲ್ಲಿಂದಲೋ ಗಾಳಿ ಸೋರ್ತಿದ್ದರೆ, ಇಂಧನದ ಫಿಲ್ಟರ್ ಕಟ್ಟಿಕೊಂಡಿದ್ದರೆ, ಸರಿದೂಗಿಸೋ ಮಿತಿ ಮುಗಿದು ಪಿ0171 ಅನ್ನೋ ಕೋಡ್ ಬರಬಹುದು. ಗಾಳಿ ಜಾಸ್ತಿ, ಇಂಧನ ಕಡಿಮೆ ಅಂತ ಅದರ ಅರ್ಥ. ನಮ್ಮ ಗದ್ದೆಯಲ್ಲಿ ಬೆಳೆದದ್ದು ಟ್ಯಾಂಕಿನೊಳಗೆ ಸೇರಿದ್ದನ್ನು ಮೊದಲು ಗುರುತಿಸೋದು ಬೆರಳು ಗಾತ್ರದ ಒಂದು ಸೆನ್ಸರ್.

ದೀಪ ಹತ್ತದೇ ಇದ್ದಾಗ

ಆಡಿಟರ್‌ನನ್ನೇ ಕಂಪನಿ ಕೈಗೆ ಹಾಕ್ಕೊಂಡರೆ? ಅದೂ ಆಯಿತು. 2013ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಒಂದು ತಂಡ ಕ್ಯಾಲಿಫೋರ್ನಿಯಾದ ರಸ್ತೆಗಳಲ್ಲಿ ಡೀಸೆಲ್ ಕಾರುಗಳ ಹೊಗೆ ಅಳೆಯಿತು. ತಂಡದಲ್ಲಿ ನಮ್ಮ ಬೆಂಗಳೂರಿನವರಾದ ಹೇಮಂತ್ ಕಪ್ಪಣ್ಣ ಇದ್ದರು. ಅಳೆಯೋ ಯಂತ್ರವನ್ನು ಕಾರಿನ ಹಿಂಭಾಗಕ್ಕೆ ಕಟ್ಟಿಕೊಂಡು ಊರೂರು ಓಡಿಸಿದರು. ಲ್ಯಾಬಿನಲ್ಲಿ ಸಾಚಾ ಅನ್ನಿಸಿಕೊಂಡಿದ್ದ ಫೋಕ್ಸ್‌ವ್ಯಾಗನ್ ಕಂಪನಿಯ ಒಂದು ಕಾರು ರಸ್ತೆಯಲ್ಲಿ ಮಿತಿಯ 15ರಿಂದ 35 ಪಟ್ಟು ನೈಟ್ರೋಜನ್ ಆಕ್ಸೈಡ್ ಬಿಡ್ತಿತ್ತು.

2015ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ಸರ್ಕಾರ ಕಂಪನಿಗೆ ನೋಟಿಸ್ ಕೊಟ್ಟಾಗ ಗುಟ್ಟು ಹೊರಬಿತ್ತು. ಕಾರಿನ ಕಂಪ್ಯೂಟರ್‌ಗೆ ಇದು ಪರೀಕ್ಷೆ, ಇದು ರಸ್ತೆ ಅಂತ ಗುರುತಿಸೋದನ್ನು ಕಲಿಸಿದ್ದರು. ಪರೀಕ್ಷೆಯಲ್ಲಿ ಮಾತ್ರ ಹೊಗೆ ನಿಯಂತ್ರಣ ಪೂರ್ತಿ ಕೆಲಸ ಮಾಡ್ತಿತ್ತು. ಪ್ರಪಂಚದಾದ್ಯಂತ ಸುಮಾರು 1.1 ಕೋಟಿ ಕಾರುಗಳು. ಭಾರತದಲ್ಲೂ ಸುಮಾರು 3.23 ಲಕ್ಷ ಕಾರುಗಳನ್ನು ಕಂಪನಿ ವಾಪಸ್ ಕರೆಸಿಕೊಂಡು ಸರಿ ಮಾಡುವುದಾಗಿ ಹೇಳಿತು. ಅಷ್ಟು ಕಾರುಗಳಲ್ಲಿ, ಅಷ್ಟು ಹೊಗೆಗೆ, ಹಳದಿ ದೀಪ ಮಾತಾಡಲೇ ಇಲ್ಲ.

ಲ್ಯಾಬಿನ ಪರೀಕ್ಷೆ ಒಂದೇ ಸಾಲದು ಅನ್ನೋ ಮಾತಿಗೆ ಬಲ ಬಂದಿದ್ದು ಆ ಹಗರಣದಿಂದ. ಭಾರತದಲ್ಲೂ 2023ರ ಏಪ್ರಿಲ್‌ನಿಂದ ಹೊಸ ಕಾರುಗಳ ಹೊಗೆಯನ್ನು ನಿಜವಾದ ರಸ್ತೆಯಲ್ಲಿ ಅಳೆಯೋ ನಿಯಮ ಇದೆ.

ದಾರಿಯಲ್ಲಿ ಹತ್ತಿದರೆ ಏನು ಮಾಡಬೇಕು

ಈಗ ಕೆಲಸದ ಮಾತು. ಬಣ್ಣ ನೋಡಿ, ಮಿಣುಕುತ್ತಾ ನೋಡಿ.

ಹಳದಿ ದೀಪ ಸ್ಥಿರವಾಗಿ ಉರೀತಿದ್ದರೆ ಗಾಬರಿ ಬೇಡ. ವೇಗ ತಗ್ಗಿಸಿ. ಟೆಂಪರೇಚರ್ ನೋಡಿ, ಶಬ್ದ ಕೇಳಿ, ವಾಸನೆ ಗಮನಿಸಿ. ಎಲ್ಲ ಸರಿ ಇದ್ದರೆ ನಿಧಾನವಾಗಿ ಊರು ಸೇರಬಹುದು. ಆದರೆ ಆ ವಾರದೊಳಗೆ ತೋರಿಸಿ.

ಹಳದಿ ದೀಪ ಮಿಣುಕ್ತಾ ಇದ್ದು ಗಾಡಿ ಜರ್ಕ್ ಹೊಡೀತಿದ್ದರೆ ಅದು ಬೇರೆ ವಿಷಯ. ಯಾವುದೋ ಸಿಲಿಂಡರ್‌ನಲ್ಲಿ ಪೆಟ್ರೋಲ್ ಉರೀತಿಲ್ಲ. ಉರಿಯದ ಪೆಟ್ರೋಲ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಹೊತ್ತಿಕೊಂಡರೆ ಡಬ್ಬ ಕೆಂಪಗೆ ಕಾಯುತ್ತೆ, ಒಳಗಿನ ಜೇನುಗೂಡು ಕರಗಬಹುದು. ಆಕ್ಸಿಲರೇಟರ್ ಬಿಡಿ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ. ಒಣಹುಲ್ಲು, ತರಗೆಲೆ ಮೇಲೆ ನಿಲ್ಲಿಸಬೇಡಿ.

ಕೆಂಪು ದೀಪ ಬಂದರೆ, ಅಂದ್ರೆ ಎಣ್ಣೆ ಡಬ್ಬಿಯ ಚಿತ್ರ ಅಥವಾ ಟೆಂಪರೇಚರ್ ಚಿತ್ರ, ಅದು ನಿಮ್ಮ ಎಂಜಿನ್ ಕೂಗು. ತಕ್ಷಣ ಬದಿಗೆ ತಂದು ಎಂಜಿನ್ ಆಫ್ ಮಾಡಿ. ಬಿಸಿ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ.

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲಿದ್ದರೆ ಹಜಾರ್ಡ್ ಲೈಟ್ ಹಾಕಿ, ಆದಷ್ಟು ಎಡಕ್ಕೆ ಬನ್ನಿ, ಕೆಳಗಿಳಿದು ತಡೆಗೋಡೆಯ ಆಚೆ ನಿಲ್ಲಿ, ರಾಷ್ಟ್ರೀಯ ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಿ. ನಿಂತ ಕಾರಿಗೆ ಹಿಂದಿನಿಂದ ಬಂದು ಗುದ್ದೋದು ಯಾವ ಕೋಡಿಗಿಂತಲೂ ಅಪಾಯ.

ಗ್ಯಾರೇಜಿಗೆ ಹೋದಾಗ ಮೊದಲು ಕೋಡ್ ಬರೆದುಕೊಳ್ಳಿ, ಆಮೇಲೆ ಮಾತಾಡಿ. 'ದೀಪ ಆಫ್ ಮಾಡಿ' ಅನ್ನಬೇಡಿ, 'ಯಾಕೆ ಹತ್ತಿತು ನೋಡಿ' ಅನ್ನಿ. ಮೊಬೈಲಿಗೆ ಕನೆಕ್ಟ್ ಆಗೋ ಸಣ್ಣ ಬ್ಲೂಟೂತ್ ಸ್ಕ್ಯಾನರ್‌ಗಳು ಕೆಲವು ನೂರು ರೂಪಾಯಿಗೇ ಸಿಗುತ್ತವೆ. ಒಂದಿದ್ದರೆ ಮನೆಮಂದಿಗೆಲ್ಲ ಸಾಕು.

ಕೊನೆಗೆ ಒಂದು ಲೆಕ್ಕ

ಕ್ಯಾಲಿಫೋರ್ನಿಯಾದಲ್ಲಿ 2000ದ ನಂತರದ ಕಾರುಗಳ ಹೊಗೆ ತಪಾಸಣೆಗೆ ಮುಖ್ಯವಾಗಿ ಇದೇ 16 ಪಿನ್ನಿನ ಪ್ಲಗ್ಗಿಗೆ ಯಂತ್ರ ಚುಚ್ತಾರೆ. ಹಳದಿ ದೀಪ ಉರೀತಿದ್ದರೆ ಫೇಲ್. ನೆನ್ನೆ ರಾತ್ರಿ ಡಿಲೀಟ್ ಮಾಡಿಸಿಕೊಂಡು ಬಂದಿದ್ದರೂ ಸಿಕ್ಕಿಬೀಳ್ತಾರೆ, ಯಾಕಂದ್ರೆ ಕಂಪ್ಯೂಟರ್ ತನ್ನ ಪರೀಕ್ಷೆಗಳನ್ನು ಇನ್ನೂ ಮುಗಿಸಿಲ್ಲ ಅಂತ ಗೊತ್ತಾಗುತ್ತೆ.

ನಮ್ಮಲ್ಲಿ ಪಿಯುಸಿ ಸರ್ಟಿಫಿಕೇಟ್‌ಗೆ ಹೋದಾಗ ಪೈಪಿಗೆ ಕೊಳವೆ ಇಟ್ಟು, ನಿಂತ ಗಾಡಿಯಲ್ಲಿ ಪೆಟ್ರೋಲ್ ಕಾರಾದರೆ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಕಾರ್ಬನ್ ನೋಡ್ತಾರೆ. ನೈಟ್ರೋಜನ್ ಆಕ್ಸೈಡ್ ಅಳೆಯಲ್ಲ. ಡ್ಯಾಶ್‌ಬೋರ್ಡಿನ ದೀಪ ನೋಡಲ್ಲ. ಪ್ಲಗ್ ಇದೆ, ದೀಪ ಇದೆ, ಕೋಡ್ ಇದೆ. ಓದೋರು ಇಲ್ಲ. ಹತ್ತಿದ ದೀಪವನ್ನು ಆರಿಸಬೇಕಾ ಸರಿ ಮಾಡಿಸಬೇಕಾ ಅನ್ನೋದು ಸದ್ಯಕ್ಕೆ ಕಾರಿನ ಯಜಮಾನನಿಗೆ ಬಿಟ್ಟಿದ್ದು.

ಅಂದ್ರೆ ಎಂಬತ್ತು ವರ್ಷದ ಹಿಂದಿನ ಕಣ್ಣುರಿ, ಒಬ್ಬ ವಿಜ್ಞಾನಿಯ ಹಟ, ಒಬ್ಬ ವಕೀಲರ ಅರ್ಜಿ, ಇಷ್ಟೆಲ್ಲ ದಾಟಿ ಬಂದ ಒಂದು ಸಣ್ಣ ದೀಪ ಕೊನೆಗೆ ಡ್ರೈವಿಂಗ್ ಸೀಟಿನಲ್ಲಿ ಕೂತ ಒಬ್ಬರನ್ನು ನಂಬಿಕೊಂಡಿದೆ. ರಸ್ತೆ ಬದಿ ನಿಂತವರಿಗೆ ಅದು ಕಾಣಲ್ಲ. ಕಾಣೋದು ನಿಮಗೊಬ್ಬರಿಗೇ.

ಇಷ್ಟು ಇವತ್ತಿಗೆ. ನಿಮ್ಮ ಗಾಡಿಯಲ್ಲಿ ಯಾವ ಕೋಡ್ ಬಂದಿತ್ತು, ಕೊನೆಗೆ ಏನಾಗಿತ್ತು ಅಂತ ಬರೆದು ಕಳಿಸಿ, ಮುಂದೊಂದು ದಿನ ಒಟ್ಟಿಗೆ ಕೂಡಿಸಿ ಮಾತಾಡೋಣ. ಕಾರು ಇಟ್ಕೊಂಡಿರೋ ಅಪ್ಪ, ಮಾವ, ಚಿಕ್ಕಪ್ಪಂದಿರಿಗೆ ಈ ಸಂಚಿಕೆ ಕೇಳಿಸಿ. ಮುಂದಿನ ವಾರ ಮತ್ತೆ ಸಿಗೋಣ.